ತೂತು ಬೇಕಾದ ಡ್ರಮ್ಮು

ದಿನಾ ಬೆಳಗ್ಗೆ ನಲ್ಲಿ ತಿರುಗಿಸಿದರೆ ನೀರು ಬರುವ ಊರಿನವರಿಗೆ ನನ್ನ ಕಷ್ಟ ಅರ್ಥವಾಗುವುದು ಅನುಮಾನ. ಕೊಟ್ಟೂರಿನ ನಮ್ಮ ಓಣಿಗೆ ನೀರು ಬೀಗರ ಹಾಗೆ ಬರುತ್ತದೆ. ಯಾವಾಗ ಬರುತ್ತದೆ ಎಂದು ಹೇಳುವುದಿಲ್ಲ, ಬಂದಾಗ ಮನೆಮಂದಿಯೆಲ್ಲ ಕೈಗೆ ಸಿಕ್ಕ ಕೆಲಸ ಬಿಟ್ಟು ಓಡಬೇಕು. "ನಳ ಬಂದವೂ" ಎಂದು ಓಣಿಯ ತುದಿಯಲ್ಲಿ ಯಾರಾದರೂ ಕೂಗಿದರೆ ಸಾಕು, ತಳ ಇರುವ ಪಾತ್ರೆಗಳೆಲ್ಲ ಅಂಗಳಕ್ಕೆ ಇಳಿಯುತ್ತವೆ. ಡ್ರಮ್ಮು, ಕೊಡ, ಬಕೆಟ್ಟು ಎಲ್ಲರ ಮನೆಯಲ್ಲೂ ತುಂಬುತ್ತವೆ. ನಮ್ಮ ಮನೆಯಲ್ಲಿ ಕುಕ್ಕರು, ಇಡ್ಲಿ ಪಾತ್ರೆ, ನನ್ನ ಊಟದ ಡಬ್ಬಿ ಕೂಡ ತುಂಬುತ್ತವೆ. ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಎಂದು ಮೈಕಿನಲ್ಲಿ ಕೂಗಿ ಕೂಗಿ ಹಸಿದು, ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಮೇಲಿನ ಡಬ್ಬಿಯಲ್ಲೂ ನೀರು, ಕೆಳಗಿನ ಡಬ್ಬಿಯಲ್ಲೂ ನೀರು. ಅವಸರದಲ್ಲಿ ನಳದ ಕಟ್ಟೆಯ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡು ಬಂದಿದ್ದೆ. ಚೆಲ್ಲಲು ಮನಸ್ಸು ಬರಲಿಲ್ಲ. ಅಷ್ಟನ್ನೂ ಕುಡಿದು ಡ್ಯೂಟಿ ಮುಗಿಸಿದೆ.

ನನ್ನ ಮದುವೆಯ ಮಾತುಕತೆಯಲ್ಲೂ ನೀರಿನದೇ ಮೊದಲ ಪ್ರಶ್ನೆ. ಹೆಣ್ಣು ಹೊಳಲಿನದು. ಹೊಳೆಯ ಸೀಮೆಯವರು, ಮಲ್ಲಿಗೆ ತೋಟದವರು, ನೀರಿನ ಮೋರೆ ಕಂಡು ಬೆಳೆದವರು. ಹುಡುಗನಿಗೆ ಸಂಬಳ ಎಷ್ಟು, ಚಟಗಿಟ ಏನಾದರೂ ಇವೆಯೋ ಎಂದು ನಮ್ಮ ಮಾವ ಕೇಳಲೇ ಇಲ್ಲ. "ಅದೆಲ್ಲಾ ಇರ್ಲಿ ಬಿಡ್ರಿ. ನಿಮ್ಮ ಓಣ್ಯಾಗ ನೀರು ಎಷ್ಟು ದಿನಕ್ಕೊಮ್ಮಿ ಬರ್ತಾವು?" ಎಂದರು. ನಮ್ಮ ಅವ್ವ ಸುಳ್ಳು ಹೇಳುವವಳಲ್ಲ, ನಿಜ ಹೇಳಿ ಸಂಬಂಧ ಕೆಡಿಸುವವಳೂ ಅಲ್ಲ. "ಬರ್ತಾವ್ರಿ ಬೀಗರ, ಬಂದಾಗ ಭಾಳ ಬರ್ತಾವು" ಎಂದಳು. ಮಾವ ಮಗಳನ್ನು ಕೊಟ್ಟರು. ಜೊತೆಗೆ ತಮ್ಮ ತೋಟದಿಂದ ಒಂದು ಮಲ್ಲಿಗೆ ಬಳ್ಳಿಯನ್ನೂ ಕಿತ್ತು, ಬೇರಿಗೆ ಹಸಿ ಗೋಣಿ ಸುತ್ತಿ, ಬಸ್ಸಿನಲ್ಲಿ ಮಗಳ ಕಾಲಬಳಿ ಇಟ್ಟರು. ಆ ಮಾವ ಈಗಿಲ್ಲ. ಬಳ್ಳಿ ನಮ್ಮ ಮಾಳಿಗೆಯ ಮೇಲೆ ಸಿಮೆಂಟಿನ ಕುಂಡದಲ್ಲಿ ಇದೆ. ಅದಕ್ಕೆ ನೀರು ಹಾಕುವಾಗ ನನ್ನ ಹೆಂಡತಿ ಸುವರ್ಣ ಯಾರ ಜೊತೆಗೂ ಮಾತಾಡುವುದಿಲ್ಲ, ನಾವೂ ಮಾತಾಡಿಸುವುದಿಲ್ಲ.

ಮಲ್ಲಿಗೆಯ ಸುತ್ತ ಅವಳು ಬೆಳೆಸಿದ ಸಂಸಾರ ದೊಡ್ಡದು. ಬಣ್ಣದ ಡಬ್ಬಿಯಲ್ಲಿ ಬದನೆ, ಒಡೆದ ಬಕೆಟ್ಟಿನಲ್ಲಿ ಮೆಣಸಿನಕಾಯಿ, ನನ್ನ ಹಳೆಯ ಹೆಲ್ಮೆಟ್ಟಿನಲ್ಲಿ ಪುದೀನ. ಅಕ್ಕಿ ತೊಳೆದ ನೀರು ಅವಕ್ಕೆ, ಕಾಯಿಪಲ್ಯ ತೊಳೆದ ನೀರು ಅವಕ್ಕೆ. ನಾನು ಸೊಪ್ಪು ತೊಳೆಯುವ ಬೋಗುಣಿಯಲ್ಲಿ ಕೈ ತೊಳೆದುಕೊಂಡರೆ ಗಿಡಗಳ ಪಾಲನ್ನು ಕಸಿದ ಹಾಗೆ ನೋಡುತ್ತಾಳೆ. ಈ ಸಂಸಾರ ಬಿಟ್ಟು ಅವಳು ತವರಿಗೆ ಹೋದರೆ ಎರಡನೆಯ ದಿನ ಸಂಜೆಯ ಬಸ್ಸಿಗೇ ವಾಪಸ್ಸು.

ಹೀಗಿರುವಾಗ ಅವಳ ತಂಗಿ ಶೈಲಾ ಬಸುರಾದಳು. ನಮ್ಮ ಅತ್ತೆಗೆ ಮೊಣಕಾಲು ನೋವು, ಬಾಣಂತನ ಅವರೊಬ್ಬರಿಂದ ಆಗುವ ಕೆಲಸವಲ್ಲ. ಅಕ್ಕ ಹೋಗಿ ಒಂದು ತಿಂಗಳಾದರೂ ಇರಬೇಕು. ಹೆರಿಗೆ ಬೀಳುವುದು ನಡು ಬೇಸಿಗೆಯಲ್ಲಿ. ನಮ್ಮ ಅವ್ವ ಮಾಳಿಗೆ ಹತ್ತುತ್ತಾಳೆ, ಕೊಡ ಹೊತ್ತುಕೊಂಡು ಹತ್ತಲಾರಳು. ಉಳಿದವನು ನಾನು.

"ನಾನು ಹಾಕ್ತೀನಲ್ಲ ನೀರು" ಎಂದೆ.

"ನೀವಾ? ನೆನಪಾದ್ರ ಒಂದು ಕೊಡ ಸುರೀತೀರಿ, ಮರೆತ್ರ ವಾರಗಟ್ಲೆ ಒಣಗಸ್ತೀರಿ. ನಮ್ಮಪ್ಪನ ಮಲ್ಲಿಗಿ ನಿಮ್ಮ ಕೈಯಾಗ ಕೊಟ್ಟು ನಾ ಹೆಂಗ ಹೋಗ್ಲಿ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

ಎರಡು ಬಸ್ಸುಗಳ ನಡುವೆ ಫೋನು ನೋಡುತ್ತಾ ಕೂತಾಗ ನನಗೆ ಒಂದು ವಿಡಿಯೋ ಕಂಡಿತು. ತಾನೇ ನೀರು ಕುಡಿಯುವ ಕುಂಡ! ದೊಡ್ಡದೊಂದು ತೊಟ್ಟಿ, ಅದರ ತಳದಲ್ಲಿ ನೀರು, ನೀರಿನ ಮೇಲೆ ಮಣ್ಣು. ತಳದಲ್ಲಿ ತೂತು ಕೊರೆದ ಪೈಪುಗಳನ್ನು ಮಲಗಿಸಿ, ಅದರ ಮೇಲೆ ಬಟ್ಟೆ ಹಾಸಿ, ಮಣ್ಣು ತುಂಬಬೇಕು. ಮೂಲೆಯಲ್ಲಿ ನಿಲ್ಲಿಸಿದ ಒಂದು ಪೈಪಿನಿಂದ ನೀರು ಹೊಯ್ದರೆ ಅದು ನೇರ ತಳಕ್ಕೆ ಹೋಗಿ ಕೂಡುತ್ತದೆ. ಮಣ್ಣು ತನಗೆ ಬೇಕಾದಷ್ಟನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಮ್ಮೆ ತುಂಬಿದರೆ ಮುಂದಿನ ನಳದವರೆಗೆ ಚಿಂತೆಯಿಲ್ಲ. ಕೊನೆಯದಾಗಿ, ತೊಟ್ಟಿಯ ಪಕ್ಕದಲ್ಲಿ, ನೀರಿನ ಮಟ್ಟ ಮುಗಿದು ಮಣ್ಣು ಶುರುವಾಗುವ ಕಡೆ, ಒಂದು ತೂತು ಇರಲೇಬೇಕು. ಹೆಚ್ಚಾದ ನೀರು ಅಲ್ಲಿಂದ ಹೊರಗೆ ಹೋಗದಿದ್ದರೆ ಬೇರು ಕೊಳೆಯುತ್ತದೆ. ಇದನ್ನು ನೋಡುತ್ತಾ ಆ ದಿನ ಹಡಗಲಿಗೆ ಹೊರಡಬೇಕಾದ ಬಸ್ಸನ್ನು ತೆಲಿಗಿ ಬಸ್ಸು ನಿಲ್ಲುವ ಪ್ಲಾಟ್‌ಫಾರಂನಲ್ಲಿ ನಿಲ್ಲಿಸಲು ಹೇಳಿ ಜನರಿಂದ ಬೈಸಿಕೊಂಡೆ.

ನೀಲಿ ಡ್ರಮ್ಮೊಂದನ್ನು ಹೊತ್ತುಕೊಂಡು ನಿಲ್ದಾಣದ ಹಿಂದಿನ ಖಾದರ್ ಸಾಬರ ಅಂಗಡಿಗೆ ಹೋದೆ. ಲಾರಿಯ ರೇಡಿಯೇಟರು, ಟ್ರ್ಯಾಕ್ಟರಿನ ಟ್ಯಾಂಕು, ನೀರಿನ ಟ್ಯಾಂಕರು ಎಲ್ಲಿ ಸೋರಿದರೂ ಖಾದರ್ ಸಾಬರೇ ಬೇಕು. ಡ್ರಮ್ಮನ್ನು ಉದ್ದಕ್ಕೆ ಸೀಳಿ ಕೊಟ್ಟರು, ಕಬ್ಬಿಣದ ಸ್ಟ್ಯಾಂಡು ಬೆಸೆದು ಕೊಟ್ಟರು. ಪಕ್ಕದಲ್ಲಿ ಒಂದು ತೂತು ಹೊಡೆಯಿರಿ ಎಂದಾಗ ಮಾತ್ರ ಡ್ರಿಲ್ಲು ಕೆಳಗಿಟ್ಟರು.

"ಸಾಹೇಬ್ರ, ಕೊಯ್ಯೂದು ಬ್ಯಾರೆ ಮಾತು. ಚೊಲೋ ಡ್ರಮ್ಮಿಗೆ ತೂತು ಹೊಡಿ ಅಂತೀರಲ್ಲ, ಕೈ ಬರವಲ್ದು ನೋಡ್ರಿ. ನಮ್ಮಪ್ಪನ ಕಾಲದಿಂದ ನಾವು ತೂತು ಮುಚ್ಚಿ ಉಂಡೋರು."

ನಾನು ಬೇರಿನ ಉಸಿರಾಟದ ಬಗ್ಗೆ ಫೋನಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಅವರು ಮುಖವನ್ನು ಆ ಕಡೆ ತಿರುಗಿಸಿ ತೂತು ಹೊಡೆದರು.

ಕೆರೆಯ ಮಣ್ಣು, ಗೊಬ್ಬರ, ಅವ್ವನ ಹಳೆಯ ಸೀರೆ ಎಲ್ಲ ಸೇರಿ ಮಾಳಿಗೆಯ ಮೇಲೆ ಡ್ರಮ್ಮು ಸಿದ್ಧವಾಯಿತು. ಸುವರ್ಣ ಮಲ್ಲಿಗೆಯನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ತಾನೇ ನಟ್ಟನಡುವೆ ಇಟ್ಟಳು. ಬದಿಗೆ ಬದನೆ, ಮೆಣಸಿನಕಾಯಿ. ನಳ ಬಂದ ದಿನ ಕೊಡಗಳನ್ನು ಹೊತ್ತು ಪೈಪಿನಲ್ಲಿ ಹೊಯ್ದೆ. ತಳ ತುಂಬಿತು. ತೂತಿನಿಂದ ನೀರು ಸಣ್ಣಗೆ ಧಾರೆಯಾಗಿ ಹೊರಗೆ ಬಂತು. ಗೆದ್ದೆ ಎಂದುಕೊಂಡು ಡ್ಯೂಟಿಗೆ ಹೋದೆ.

ಕೆಲವು ದಿನಕ್ಕೆ ಮಲ್ಲಿಗೆಯ ಎಲೆ ಹಳದಿಯಾಯಿತು. "ನೀರು ಸಾಲವಲ್ವು ಅನಸ್ತೈತಿ" ಎಂದು ಸುವರ್ಣ ಇನ್ನಷ್ಟು ಹೊಯ್ದಳು. ಎಲೆ ಇನ್ನಷ್ಟು ಹಳದಿಯಾಯಿತು. ಬಗ್ಗಿ ನೋಡಿದರೆ ತೂತಿನಲ್ಲಿ ಅವ್ವನ ಸೀರೆಯ ಇನ್ನೊಂದು ತುಂಡು ಬಿಗಿಯಾಗಿ ಕೂತಿತ್ತು.

"ಯಾರಬೇ ಇದು ತುರುಕಿದ್ದು?" ಎಂದು ಕೂಗಿದೆ.

"ನಾನ. ಮತ್ತ್ಯಾರು? ಅಲ್ಲೋ, ನೀರು ಹಿಡಿಯೋ ಸಾಮಾನಿಗೆ ತೂತು ಹೊಡಿಸ್ಕೆಂಡು ಬಂದೀಯಲ್ಲ, ನಿನ್ನ ಬುದ್ಧಿಗೇನಾಗೇತಿ? ಕಣ್ಣ ಮುಂದ ನೀರು ಸೋರಾಕತ್ತಿದ್ರ ನೋಡ್ಕೆಂತ ಕುಂದ್ರಬೇಕೇನು?" ಎಂದಳು ಅವ್ವ.

ಬಟ್ಟೆ ಕಿತ್ತೆ. ಕಪ್ಪು ನೀರು ಹೊರಗೆ ಹರಿದು ನಾತ ಹೊಡೆಯಿತು. ಬೇರಿಗೂ ಉಸಿರು ಬೇಕು, ನೀರಲ್ಲೇ ನಿಂತರೆ ಸಾಯುತ್ತದೆ ಎಂದು ಅವ್ವನಿಗೆ ತಿಳಿಸಿ ಹೇಳಿದೆ. "ನಮ್ಮಪ್ಪ ಭತ್ತದ ಗದ್ದ್ಯಾಗ ಮೊಣಕಾಲು ಮಟ ನೀರು ನಿಲ್ಲಿಸ್ತಿದ್ದ, ಅದೇನು ಸತ್ತಿತ್ತೇನು?" ಎಂದಳು. ಇಂಥ ಪ್ರಶ್ನೆಗೆ ವಿಡಿಯೋದವರು ಉತ್ತರ ಹೇಳಿರಲಿಲ್ಲ. ಆದರೂ ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಳು. ಗಿಡ ಸ್ವಲ್ಪ ಚೇತರಿಸಿಕೊಂಡಿತು. ಸುವರ್ಣ ಹೊಳಲಿಗೆ ಒಯ್ಯುವ ಚೀಲವನ್ನು ಅಟ್ಟದಿಂದ ಇಳಿಸಿದಳು.

ಮುಂದೆ ಕೆಡಿಸಿದವರು ಖಾದರ್ ಸಾಬರು. ತಾವು ಬೆಸೆದ ಸ್ಟ್ಯಾಂಡು ಗಟ್ಟಿಯಿದೆಯೋ ಇಲ್ಲವೋ ನೋಡಲು ಒಂದು ಸಂಜೆ ಮನೆಗೆ ಬಂದವರು ಮಾಳಿಗೆ ಹತ್ತಿದರು. ನಾನು ಕೆಳಗೆ ಚಹಾ ಸೋಸುತ್ತಿದ್ದೆ. ಆ ದಿನ ನಳ ಬಂದು ಹೋಗಿತ್ತು, ತೂತು ಹನಿಯುತ್ತಿತ್ತು. ಅವರು ಚಹಾ ಕುಡಿದು, ಹೊಗಳಿಸಿಕೊಂಡು ಹೋದರು. ವಾರದೊಳಗೆ ಮಲ್ಲಿಗೆಯ ಕೆಳಗಿನ ಎಲೆಗಳು ಉದುರಿದವು. ಈ ಸಲ ತೂತಿನಲ್ಲಿ ಬಟ್ಟೆ ಇರಲಿಲ್ಲ. ಟ್ಯಾಂಕರಿಗೆ ಹಚ್ಚುವ ಸೀಲನ್ನು ಮೆತ್ತಿ, ಅದರ ಮೇಲೆ ಬೆರಳಾಡಿಸಿ, ತೂತು ಇತ್ತೆಂಬ ಗುರುತೂ ಸಿಗದಂತೆ ನುಣುಪು ಮಾಡಿದ್ದರು.

ಅಂಗಡಿಗೆ ಓಡಿದೆ. "ತೂತು ನೀವೇ ಹೊಡೆದದ್ದಲ್ಲೇನ್ರಿ?"

ಅವರು ನಾಲಗೆ ಕಚ್ಚಿಕೊಂಡರು. "ಹೌದ್ರೀ ಸಾಹೇಬ್ರ. ಆದ್ರ ಸೋರೂದು ಕಂಡ ಕೂಡ್ಲೆ ಕೈ ಕಿಸೆಕ್ಕ ಹೋಗ್ತೈತಿ. ಸೀಲು ಯಾವಾಗ್ಲೂ ಕಿಸೆದಾಗ ಇರ್ತೈತಿ. ಮುಚ್ಚಿ ಮನಿ ಮುಟ್ಟಿದ ಮ್ಯಾಲ ನೆನಪಾತು. ನಿಮಗ ಹೇಳಾಕ ನಾಚಿಕಿ ಬಂತು."

ಸೀಲನ್ನು ಕೆತ್ತಿ ತೆಗೆಯಲು ಒಂದು ಮಧ್ಯಾಹ್ನವೇ ಬೇಕಾಯಿತು. ಸುವರ್ಣ ಉದುರಿದ ಎಲೆಗಳನ್ನು ಸೆರಗಿನಲ್ಲಿ ಆರಿಸಿಕೊಂಡಳು. ಚೀಲ ಮತ್ತೆ ಅಟ್ಟಕ್ಕೆ ಹೋಯಿತು. "ನಾ ಹೋಗಂಗಿಲ್ರಿ. ಶೈಲಾಗ ಯಾರನ್ನರ ನೋಡ್ಕೆಳ್ಳಾಕ ಹಚ್ಚೋಣು. ಈ ಗಿಡ ಹೋದ್ರ ನನಗ ಅಪ್ಪ ಇನ್ನೊಮ್ಮಿ ಹೋದಂಗ" ಎಂದಳು. ನಾನು ಆ ಡ್ರಮ್ಮು ಮಾಡದೇ ಇದ್ದಿದ್ದರೆ ಮಲ್ಲಿಗೆ ಅದರ ಕುಂಡದಲ್ಲಿ ನೆಮ್ಮದಿಯಾಗಿರುತ್ತಿತ್ತು.

ನಾನೂ ಹಟಕ್ಕೆ ಬಿದ್ದೆ. ನಿಲ್ದಾಣದ ಬೋರ್ಡು ಬರೆಯುವ ಬಣ್ಣ ತಂದು ತೂತಿನ ಸುತ್ತ ಕೆಂಪು ವೃತ್ತ ಎಳೆದು, "ಇದನ್ನು ಮುಚ್ಚತಕ್ಕದ್ದಲ್ಲ" ಎಂದು ಇಲಾಖೆಯ ಭಾಷೆಯಲ್ಲಿ ಬರೆದೆ. ಮಾಳಿಗೆಗೆ ಬಂದವರಿಗೆಲ್ಲ ಮೊದಲು ಬೇರಿನ ಉಸಿರಾಟದ ಪಾಠ, ಆಮೇಲೆ ಚಹಾ. ಹಪ್ಪಳ ಒಣಗಿಸಲು ಬಂದ ಪಕ್ಕದ ಮನೆಯ ಹೆಂಗಸರು ಪಾಠಕ್ಕೆ ಹೆದರಿ ಹಪ್ಪಳ ಎತ್ತಿಕೊಂಡು ಹೋದರು. ನೀರು ನಿಲ್ಲದೆ ಮಣ್ಣು ಹದಕ್ಕೆ ಬಂತು, ಬದನೆ ಹೂ ಬಿಟ್ಟಿತು. ಮಲ್ಲಿಗೆಯ ಬೋಳು ಕಡ್ಡಿಯಲ್ಲಿ ಕೊನೆಗೂ ಒಂದು ಹಸಿರು ಚಿಗುರು ಕಾಣಿಸಿತು. ಸುವರ್ಣ ಅದನ್ನು ಮುಟ್ಟಲಿಲ್ಲ, ಬಗ್ಗಿ ನೋಡಿ ನಕ್ಕಳು. ಚೀಲ ಮತ್ತೆ ಕೆಳಗೆ ಬಂತು.

ಹೊಳಲಿನಿಂದ ಫೋನು ಬಂದದ್ದು ನಳ ಬಂದ ಮುಂಜಾನೆಯೇ. ಶೈಲಾಗೆ ಬ್ಯಾನಿ ಶುರುವಾಗಿದೆ, ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೇವೆ, ಅಕ್ಕ ಕೂಡಲೇ ಬರಲಿ. ಹೊಳಲಿನ ಕಡೆ ಹೋಗಲು ಹತ್ತಬೇಕಾದ ಹಡಗಲಿ ಬಸ್ಸು ಬಿಡುವ ಹೊತ್ತು ಹತ್ತಿರವಾಗಿತ್ತು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ನೀ ಸೀರಿ ಉಟ್ಕೊ, ನಾನು ಡ್ರಮ್ಮು ತುಂಬಿಸಿ ಬರ್ತೀನಿ, ನೀನು ನೆಮ್ಮದಿಯಿಂದ ಹೋಗು" ಎಂದು ಕೊಡಗಳನ್ನು ಹೊತ್ತು ಮಾಳಿಗೆ ಹತ್ತಿದೆ. ಒಂದು ಹನಿ ಕಮ್ಮಿಯಾಗಿ ಅವಳು ಮತ್ತೆ ಹೋಗುವುದಿಲ್ಲ ಅನ್ನಬಾರದು ಎಂದು ಹೊಯ್ದೆ. ತೂತಿನಿಂದ ನೀರು ಬಂತು. ಸಣ್ಣಗಲ್ಲ, ಬೆರಳ ಗಾತ್ರದ ಧಾರೆ. ಶುದ್ಧವಾದ, ತಣ್ಣನೆಯ, ಅದೇ ತಾನೇ ಬಂದ ನಳದ ನೀರು ಮಾಳಿಗೆಯ ಒಣ ಕಲ್ಲಿನ ಮೇಲೆ ಬಿದ್ದು ಹರಿದು ಹೋಗುತ್ತಿತ್ತು.

"ಏನ್ರೀ, ಹೊತ್ತಾತು! ಗಾಡಿ ತಗೀರಿ!" ಎಂದು ಕೆಳಗಿನಿಂದ ಸುವರ್ಣ ಕೂಗಿದಳು.

"ಬಂದೆ" ಎಂದೆ. ಹೋಗಲಿಲ್ಲ. ಮತ್ತೆ ಕೂಗಿದಳು. ಮತ್ತೆ "ಬಂದೆ" ಎಂದೆ. ಕೊನೆಗೆ ಅವಳೇ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಅವಳ ಹಿಂದೆ ಅವ್ವ.

ನಾನು ಡ್ರಮ್ಮಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ನನ್ನ ಹೆಬ್ಬೆರಳು ಕೆಂಪು ವೃತ್ತದ ನಟ್ಟನಡುವೆ, ತೂತಿನೊಳಗೆ ಇತ್ತು. ಯಾವಾಗ ಹೋಯಿತೋ ನನಗೇ ಗೊತ್ತಿಲ್ಲ. "ಒಂದು ಬಕೆಟ್ ತಗೊಂಬಾ ಬೇಗ, ನೀರು ಹೊಂಟಾವು!" ಎಂದು ನಾನೇ ಕೂಗಿದೆ.

ಅವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಈಗ ಹೇಳೋ ನನ್ನ ಮಗನ, ಬೇರಿನ ಉಸಿರು!" ಎಂದಳು.

ಸುವರ್ಣ ನಗಲಿಲ್ಲ. ಚೀಲ ಕೆಳಗಿಟ್ಟು, ನನ್ನ ಪಕ್ಕ ಕೂತು, ನನ್ನ ಮಣಿಕಟ್ಟು ಹಿಡಿದು ಬೆರಳನ್ನು ಹೊರಗೆ ಎಳೆದಳು. ನೀರು ಅವಳ ಹೊಸ ಸೀರೆಯ ಅಂಚಿನ ಮೇಲೆ ಹಾರಿತು. "ಹೋಗ್ಲಿ ಬಿಡ್ರಿ ನೀರು. ಗಿಡ ಉಳಿದ್ರ ಸಾಕು" ಎಂದಳು. ನಮ್ಮ ಓಣಿಯಲ್ಲಿ ಈ ಮಾತನ್ನು ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಮಲ್ಲಿಗೆಯನ್ನು ಒಮ್ಮೆ ನೋಡಿ, ಚೀಲ ಎತ್ತಿಕೊಂಡು, ನನಗಿಂತ ಮುಂಚೆಯೇ ಮೆಟ್ಟಿಲಿಳಿದಳು. ಹಡಗಲಿ ಬಸ್ಸನ್ನು ಒಂದಿಷ್ಟು ಹೊತ್ತು ಹಿಡಿದು ನಿಲ್ಲಿಸಿದ ಅಪರಾಧ ನನ್ನದೇ, ಅದನ್ನು ಯಾರಿಗೂ ಹೇಳಬೇಡಿ.

ಶೈಲಾಗೆ ಹೆಣ್ಣು ಕೂಸು. ಬಾಣಂತನ ಸಾಂಗವಾಗಿ ನಡೆದಿದೆ. ಮಲ್ಲಿಗೆಯಲ್ಲಿ ಮೊಗ್ಗುಗಳು ಬಂದಿವೆ. ಸುವರ್ಣ ದಿನಾ ಫೋನು ಮಾಡಿ, "ತೂತು ತೆರೆದೈತ್ರಿ?" ಎಂದು ಮೊದಲು ಕೇಳಿ ಆಮೇಲೆ "ಊಟ ಆತ್ರಿ?" ಎನ್ನುತ್ತಾಳೆ. ತೆರೆದಿದೆ ಎನ್ನುತ್ತೇನೆ. ಸುಳ್ಳಲ್ಲ. ಅದರ ಕೆಳಗೆ ನಾನೊಂದು ಬಕೆಟ್ಟು ಇಟ್ಟಿದ್ದೇನೆ ಎಂಬುದನ್ನು ಮಾತ್ರ ಹೇಳಿಲ್ಲ. ಒಳಗೆ ನೀರು ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ ನೋಡಿ. ಹಾಗಾಗಿ ದಿನಾ ಡ್ಯೂಟಿಗೆ ಹೊರಡುವ ಮುಂಚೆ ಮಾಳಿಗೆ ಹತ್ತಿ, ಪೈಪಿನಲ್ಲಿ ನೀರು ಹೊಯ್ಯುತ್ತೇನೆ. ತೂತಿನಿಂದ ಹೊರಬಂದರೆ ತುಂಬಿದೆ ಎಂದರ್ಥ. ಬಂದದ್ದನ್ನು ಬಕೆಟ್ಟಿನಲ್ಲಿ ಹಿಡಿಯುತ್ತೇನೆ. ಮತ್ತೆ ಅನುಮಾನ ಬಂದರೆ ಅದನ್ನೇ ಇನ್ನೊಮ್ಮೆ ಹೊಯ್ದು ನೋಡುತ್ತೇನೆ. ಯಾರ ಕೈಯ ಹಂಗೂ ಇಲ್ಲದೆ ಡ್ರಮ್ಮು ತಾನೇ ನೀರು ಕುಡಿಯುತ್ತಿದೆ, ನಾನು ಪಕ್ಕದಲ್ಲಿ ಕೂತು ಕುಡಿಸುತ್ತಿದ್ದೇನೆ.