ಬಚ್ಚಲ ಬಾಗಿಲ ಮೇಲೆ ನಿಂತ ಅತ್ತೆ

ನಮ್ಮ ಸೋದರತ್ತೆ ನೀರಿನ ಮೇಲೆ ನಿಲ್ಲುತ್ತಾಳೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಮೊದಮೊದಲು ನಾನೂ ನಕ್ಕವನೇ. ಈಗ ಮಾತ್ರ ಬಚ್ಚಲಮನೆಯ ಚಿಲಕ 'ಟಕ್' ಎನ್ನುವುದನ್ನು ಕೇಳಲಾರದೆ ಬಾಗಿಲನ್ನೇ ಹಾಕುವುದಿಲ್ಲ. "ಬಾಗ್ಲಾ ತೆರದ ಇಟ್ಟ ಜಳಕಾ ಮಾಡೂ ಗಂಡಸನ್ನ ನಾ ಎಲ್ಲೂ ಕಂಡಿಲ್ಲ ನೋಡ್ರಿ" ಎಂದು ಹೆಂಡತಿ ಗೊಣಗುತ್ತಾಳೆ. ಅವಳಿಗೇನು ಗೊತ್ತು? ಆ ಮಧ್ಯಾಹ್ನ ಹಿನ್ನೀರಿನ ನಡುವೆ ಕೂತಿದ್ದವನು ನಾನು!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಬಾಲಕಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ, ಎರಡು ತಲೆಮಾರಿನ ಹುಡುಗಿಯರನ್ನು ಬರೀ ಕಣ್ಣಿನಿಂದಲೇ ಹೆದರಿಸಿ, ನಿವೃತ್ತಳಾಗಿ ಬೀಳಗಿಯಲ್ಲಿ ಮನೆ ಮಾಡಿಕೊಂಡವಳು. ಅವಳನ್ನು ಕೊಟ್ಟ ಊರು ಅಲ್ಲಿಂದ ದೂರವಿಲ್ಲ. ಆದರೆ ಬಸ್ಸು ಹೋಗುವುದಿಲ್ಲ. ಯಾಕೆಂದರೆ ಊರು ಕೃಷ್ಣೆಯ ಹಿನ್ನೀರಿನ ಅಡಿಯಲ್ಲಿದೆ. ಮಾವ ಅದು ಮುಳುಗುವ ಮೊದಲೇ ತೀರಿಕೊಂಡ. ಊರವರೆಲ್ಲ ಸಾಮಾನು ಕಟ್ಟಿಕೊಂಡು ಹೊಸ ಊರಿಗೆ, ಮುಧೋಳಕ್ಕೆ, ಜಮಖಂಡಿಗೆ ಎಂದು ಚೆದುರಿ ಹೋದರು.

ಎರಡು ವರ್ಷದ ಹಿಂದೆ ಅತ್ತೆ ಗೆಳತಿಯರೊಂದಿಗೆ ಕರಾವಳಿಯ ಕಡೆ ದೇವರ ದರ್ಶನಕ್ಕೆ ಹೋಗಿದ್ದಳು. ಉಳಿದವರೆಲ್ಲ ದೇವರನ್ನು ನೋಡಿ ಬಂದರು. ಅತ್ತೆ ಮಾತ್ರ ಅಲೆಯ ಮೇಲೆ ಹಲಗೆಯಿಟ್ಟು ನಿಂತ ಒಬ್ಬ ಹುಡುಗಿಯನ್ನು ನೋಡಿ ಬಂದಳು. ನೋಡಿದ್ದಷ್ಟೇ ಅಲ್ಲ, ಕಚ್ಚೆ ಬಿಗಿದು ತಾನೂ ಹಲಗೆ ಹತ್ತಿ, ಕಣ್ಣು ಪಿಳುಕಿಸುವಷ್ಟು ಹೊತ್ತು ನಿಂತು, ಉಪ್ಪು ನೀರು ಕುಡಿದು ಬಂದಿದ್ದಳು. ಆ ಕಣ್ಣು ಪಿಳುಕಿಸುವಷ್ಟು ಹೊತ್ತೇ ನಮ್ಮ ಮನೆತನಕ್ಕೆ ಮುಳುವಾಯಿತು!

"ಇಲ್ಲಿ ಸಮುದ್ರ ಎಲ್ಲಿಂದ ತರ್ತಿ, ಅತ್ತಿ?" ಎಂದು ಕೇಳಿದೆ.

"ಸಮುದ್ರ ಯಾಕ ಬೇಕಲೇ? ಆಷಾಢದ ಗಾಳಿಗಿ ನಮ್ಮ ಹಿನ್ನೀರಾಗೂ ತೆರಿ ಏಳ್ತಾವ. ಫಿಜಿಕ್ಸ್ ಕಲಿಸ್ತಿ, ಅಷ್ಟೂ ತಿಳಿಯೂದಿಲ್ಲ?"

ನಾನು ಮುಧೋಳದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕ. ಅವಳು ಹೇಳಿದ್ದು ಸರಿಯೇ ಇತ್ತು. ಮೈಲುಗಟ್ಟಲೆ ತೆರೆದ ನೀರು, ಅದರ ಮೇಲೆ ಪಡುವಣ ಗಾಳಿ. ಅಲೆ ಏಳದೆ ಏನು ಮಾಡೀತು?

ಹಲಗೆ ಮಾಡಿಸಲು ಜಮಖಂಡಿಗೆ ಹೋದಳು. ಕೂಲರು, ನೀರಿನ ಟಾಕಿಗಳಿಗೆ ತೇಪೆ ಹಾಕುವವನೊಬ್ಬನನ್ನು ಹಿಡಿದು, ಬಚ್ಚಲಮನೆಗೆ ಹಾಕುವ ಫೈಬರ್ ಬಾಗಿಲು ಎರಡನ್ನು ತರಿಸಿ, ನಡುವೆ ಥರ್ಮಾಕೋಲ್ ತುಂಬಿ ಅಂಟಿಸಲು ಹೇಳಿದಳು. ಅವನು ತಲೆ ಕೆರೆದುಕೊಂಡು, "ಅಕ್ಕಾರ, ಬಚ್ಚಲಾ ಎಷ್ಟ ಅಗಲ ಐತ್ರಿ?" ಎಂದ.

"ಆಚಿ ದಂಡಿ ತನಕಾ ಐತಿ. ನೀ ಅಂಟಸು" ಎಂದಳು ಅತ್ತೆ.

ಬಾಗಿಲ ಚಿಲಕ ತೆಗೆಸಲಿಲ್ಲ. ಅದಕ್ಕೆ ಎಮ್ಮೆ ಕಟ್ಟುವ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಕಾಲಿಗೆ ಕಟ್ಟಿಕೊಳ್ಳುತ್ತಿದ್ದಳು. ಬಿದ್ದರೂ ಬಾಗಿಲು ಕೈಗೆ ಸಿಗಬೇಕಲ್ಲ! ನಾನು ಎಲ್ಲಿಂದಲೋ ಒಂದು ಲೈಫ್ ಜಾಕೆಟ್ ತಂದುಕೊಟ್ಟೆ. ಅದನ್ನು ಅವಳು ತೆಪ್ಪ ನಡೆಸುವವನಿಗೆ ತೊಡಿಸಿದಳು. "ಅವಗ ಹೇಣ್ತಿ ಮಕ್ಕಳದಾರಪಾ" ಎಂದಳು. ತೆಪ್ಪದವನ ಹೆಸರು ಯಮನಪ್ಪ. ನಮ್ಮ ಕಡೆ ಓಣಿಗೊಬ್ಬ ಯಮನಪ್ಪನಿರುತ್ತಾನೆ, ನಿಜ. ಆದರೂ ಜೀವ ಕಾಯಲೆಂದು ಜೊತೆಗೆ ಕರೆದೊಯ್ಯುವವನ ಹೆಸರು ಅದೇ ಆಗಬೇಕೇ?

ಹೀಗೆ ಶುರುವಾಯಿತು. ತೆಪ್ಪದಲ್ಲಿ ಅತ್ತೆಯನ್ನೂ ಬಾಗಿಲನ್ನೂ ಗಾಳಿ ಬರುವ ದಿಕ್ಕಿಗೆ ಒಯ್ದು ಬಿಡುವುದು. ಅವಳು ಬಾಗಿಲ ಮೇಲೆ ಎದ್ದು ನಿಲ್ಲುವುದು. ಗಾಳಿ, ಅಲೆ ಎರಡೂ ಸೇರಿ ದಬ್ಬುವುದು. ಹಿಂದೆ ನಾನು, ಯಮನಪ್ಪ.

"ಗುರಿ ಇಲ್ದ ಕೆಲಸಾ ಮೂಗದಾಣಿ ಇಲ್ದ ಹೋರಿ ಇದ್ದಂಗ" ಎನ್ನುವುದು ಅವಳ ಮತ. ದಿನಾ ಚಹಾ ಕುಡಿಯುವಾಗ ಅಂದಿನ ಗುರಿ ಘೋಷಣೆಯಾಗುತ್ತಿತ್ತು. ಮೊದಲ ದಿನದ ಗುರಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಳುವುದು. "ಒಂದ ಕಡೀಗೆ ಬಿದ್ರ ಮಂದಿ ಏನಂದಾರು?" ಅದನ್ನು ಅವಳು ಅದ್ಭುತವಾಗಿ ಸಾಧಿಸಿದಳು. ಆಮೇಲೆ, ಬಾಯೊಳಗಿನ ಅಡಿಕೆ ಹೋಳು ಕರಗುವ ತನಕ ನಿಲ್ಲುವುದು. ಆಮೇಲೆ, ಒಂದು ಬೈಗುಳ ಎರಡು ಸಲ ಬಾರದಂತೆ ಯಮನಪ್ಪನನ್ನು ಬೈದು ಮುಗಿಸುವ ತನಕ ನಿಲ್ಲುವುದು. ಪಾಪ, ಯಮನಪ್ಪ ಅಂದು ತಾನೇ ಸುಸ್ತಾಗಿ, "ಅಕ್ಕಾರ, ಇನ್ನ ಬೀಳ್ರಿ ಸಾಕ" ಎಂದುಬಿಟ್ಟ. ಅಲೆಗಳಿಗೂ ಬಿಡುವಿರಲಿಲ್ಲ. "ಸಾಲಾಗಿ ಬರ್ರೆ! ಗದ್ದಲಾ ಮಾಡಬ್ಯಾಡ್ರಿ!" ಎಂದು ಹಾಸ್ಟೆಲಿನ ದನಿಯಲ್ಲಿ ಗದರುತ್ತಿದ್ದಳು. ಆಣೆ ಮಾಡಿ ಹೇಳುತ್ತೇನೆ, ಕೆಲವು ಅಲೆಗಳು ಸಾಲಾಗಿಯೇ ಬಂದವು!

ಅಲ್ಲಿಯವರೆಗೆ ಎಲ್ಲ ನಗೆಯೇ. ಒಂದು ಮುಂಜಾನೆ ಚಹಾದ ಬಟ್ಟಲು ಕೆಳಗಿಟ್ಟು, "ಇವತ್ತ ಅಗಸಿ ದಾಟಬೇಕು" ಎಂದಳು.

"ಯಾವ ಅಗಸಿ?"

"ನಮ್ಮೂರಂದು."

ದಂಡೆಯ ಮೇಲಿನ ಒಂಟಿ ಬೇವಿನ ಮರವೂ ಎದುರಿನ ಗುಡ್ಡದ ಕೊರಕಲೂ ಒಂದೇ ಗೆರೆಗೆ ಬಂದರೆ ಅಲ್ಲಿ ಕೆಳಗೆ ಅಗಸಿ, ಅಂದರೆ ಊರ ಹೆಬ್ಬಾಗಿಲು. ಅಲ್ಲಿಂದ ಮೂಡಣಕ್ಕೆ ನೇರ ದೊಡ್ಡ ಓಣಿ. ಓಣಿಯ ಕೊನೆಗೆ ಬಸವಣ್ಣನ ಗುಡಿ. ಗಾಳಿ ಬೀಸುವುದೂ ಅದೇ ದಿಕ್ಕಿಗೆ. ಹೊಳೆ ತುಂಬಿ ಬರುವ ಮೊದಲು ಅಗಸಿಯಿಂದ ಗುಡಿಯ ತನಕ ಬೀಳದೆ ಹೋಗುವುದು ಅವಳ ದೊಡ್ಡ ಗುರಿ. ಮುಳುಗಿದ ಊರಿನ ಓಣಿಯಲ್ಲಿ, ಮಾಳಿಗೆಗಳ ಮೇಲೆ, ಬಚ್ಚಲ ಬಾಗಿಲ ಸವಾರಿ!

ಓಣಿಯಲ್ಲಿ ಹೋಗುವಾಗ ಸುಮ್ಮನೆ ಹೋಗುವುದುಂಟೇ? ಮನೆ ಮನೆಗೂ ಮಾತಾಡಿಸಬೇಕು, ಇಲ್ಲದಿದ್ದರೆ ಸೊಕ್ಕು ಅಂತಾರೆ. ಅತ್ತೆ ಬಾಗಿಲ ಮೇಲೆ ತೂಗಾಡುತ್ತಾ, ಕೆಳಗಿನ ಕಪ್ಪು ನೀರಿಗೆ ಕೂಗುತ್ತಿದ್ದಳು. "ಶಂಕ್ರೆವ್ವಕ್ಕಾ, ರೊಟ್ಟಿ ಬಡ್ಯೂದ ಆತೇನ?" ಕೂಗಿದ ಮೇಲೆ ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ಎಷ್ಟು ಹೊತ್ತು? ಒಂದು ಉತ್ತರ ಬರಲು ಎಷ್ಟು ಬೇಕೋ ಅಷ್ಟೇ ಹೊತ್ತು. ಆಮೇಲೆ ತಲೆಯಾಡಿಸಿ ನಗುತ್ತಿದ್ದಳು. ಆ ಗಳಿಗೆಯಲ್ಲಿ ಯಮನಪ್ಪನ ಹುಟ್ಟು ನಿಲ್ಲುತ್ತಿತ್ತು. ಗಾಳಿಯೂ ನಿಂತಂತೆ ನನಗೆ ಅನಿಸುತ್ತಿತ್ತು. ನಾನು ವಿಜ್ಞಾನ ಓದಿದವನು, ಅನಿಸಿತು ಎಂದಷ್ಟೇ ಹೇಳುತ್ತೇನೆ.

ಒಂದು ದಿನ ಹೀಗೆ ಕೂಗಿ, ಸುಮ್ಮನಾಗಿ, ಹಿಂತಿರುಗಿ ನನ್ನ ಕಡೆ ನೋಡಿದಳು. "ಅಕಿ ನಿನ್ನ ಕೇಳ್ತಾಳಲೇ. ನೌಕರಿ ಪರ್ಮನೆಂಟ್ ಆತೇನಂತ."

ನೀವಾದರೆ ಏನು ಮಾಡುತ್ತಿದ್ದಿರಿ? ನಾನು ತೆಪ್ಪದ ಅಂಚಿನಿಂದ ಬಗ್ಗಿ, ನೀರಿಗೆ ಮುಖವಿಟ್ಟು, "ಇನ್ನೂ ಇಲ್ರೀ" ಎಂದೆ!

ಅತ್ತೆ ಕಿವಿಗೊಟ್ಟಳು. ಮುಖ ಸಣ್ಣದು ಮಾಡಿಕೊಂಡಳು.

"ಏನಂದ್ರು?" ಎಂದೆ.

"ಬ್ಯಾಡ ಬಿಡು. ನಿನಗ ಬ್ಯಾಸರಾಗ್ತೈತಿ."

ಓಣಿಯ ನಟ್ಟನಡುವೆ ಗೌಡರ ಮನೆ. ಅಲ್ಲಿ ಅತ್ತೆ ತಪ್ಪದೆ ಬೀಳುತ್ತಿದ್ದಳು. ದಿನವೂ ಅದೇ ಜಾಗ. ನಾನು ಸುಳಿಯಿರಬೇಕು, ಕೆಳಗಿನ ಗೋಡೆಗೆ ನೀರು ತಾಕಿ ತಿರುಗುತ್ತಿರಬೇಕು ಎಂದು ಏನೇನೋ ತರ್ಕ ಮಾಡಿದೆ. ಯಮನಪ್ಪನ ತರ್ಕ ಬೇರೆ. "ಸರ, ಗೌಡಪ್ಪ ಕಾಲ ಹಿಡದ ಎಳೀತಾನ್ರಿ."

ನೀರಿನಿಂದ ತಲೆ ಎತ್ತಿದ ಅತ್ತೆ, "ಏ ಖೋಡಿ! ಗೌಡ್ರು ಹೆಣ್ಣಮಕ್ಕಳನ್ನ ಕಣ್ಣೆತ್ತಿ ನೋಡಿದವರಲ್ಲ!" ಎಂದು ಗದರಿದಳು.

ಮರುದಿನ ಹತ್ತಿರದಿಂದ ನೋಡಿದೆ. ಗೌಡರ ಮನೆ ಬಂತೆಂದರೆ ಅತ್ತೆಯ ಎರಡೂ ಕೈ ತಾವಾಗಿಯೇ ಸೆರಗಿಗೆ ಹೋಗುತ್ತಿದ್ದವು. ಊರ ಸೊಸೆ ಗೌಡರ ಕಟ್ಟೆಯ ಮುಂದೆ ತಲೆ ಮೇಲೆ ಸೆರಗಿಲ್ಲದೆ ಹೋಗುವುದುಂಟೇ? ಕೈ ಸೆರಗಿಗೆ, ಮೈ ನೀರಿಗೆ! ಆಮೇಲಿಂದ ಅಗಸಿಯಲ್ಲಿಯೇ ಸೆರಗು ಹೊದ್ದು ಪಿನ್ನು ಚುಚ್ಚಿಕೊಂಡಳು. ಗೌಡರ ಮನೆಯನ್ನು ಸಲೀಸಾಗಿ ದಾಟಿದಳು. ದಂಡೆಗೆ ಬಂದ ಮೇಲೆ ಯಮನಪ್ಪನಿಗೂ ನನಗೂ ಬೆಲ್ಲ ಹಂಚಿದಳು.

ಇನ್ನು ಉಳಿದದ್ದು ಗುಡಿ.

ಆ ದಿನ ಮಟಮಟ ಮಧ್ಯಾಹ್ನ. ಮೋಡವಿತ್ತು, ಮಳೆಯಿರಲಿಲ್ಲ. ದಿನಾ ನೀರಿನ ಅಂಚಿಗೆ ಸಾಲುಗಟ್ಟುವ ಬೆಳ್ಳಕ್ಕಿಗಳು ಒಂದೂ ಇರಲಿಲ್ಲ. ಗಾಳಿ ಬೇರೆ ದಿನಗಳಂತೆ ಬಿಟ್ಟು ಬಿಟ್ಟು ಬರದೆ, ಯಾರೋ ಬೆನ್ನಿಗೆ ಕೈಯಿಟ್ಟು ಒಂದೇ ಸಮ ನೂಕಿದಂತೆ ಬೀಸುತ್ತಿತ್ತು. "ಇವತ್ತ ಬ್ಯಾಡ್ರಿ ಅಕ್ಕಾರ" ಎಂದ ಯಮನಪ್ಪ. "ಇಂಥಾ ಗಾಳಿ ಮತ್ತ ಸಿಗೂದಿಲ್ಲೋ" ಎಂದಳು ಅತ್ತೆ.

ಏನು ನಿಂತಳು ಅಂದು! ಅಗಸಿ ದಾಟಿದಳು. ಶಂಕ್ರೆವ್ವಕ್ಕನನ್ನು ಮಾತಾಡಿಸಿದಳು. ಗೌಡರ ಮನೆ ದಾಟಿದಳು. ಬೆನ್ನ ಹಿಂದಿನ ಗಾಳಿ ತುಂಬಿ ಸೆರಗು ಮುಂದಕ್ಕೆ ಉಬ್ಬಿತ್ತು. ಮೊಣಕಾಲು ತುಸು ಮಡಿಚಿ, ಅಲೆ ಏರಿದರೆ ಏರಿ, ಇಳಿದರೆ ಇಳಿದು, ಹುಟ್ಟಿನಿಂದಲೇ ನೀರಿನ ಮೇಲೆ ಬೆಳೆದವಳಂತೆ ಹೋದಳು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಮುಂದಿನದನ್ನು ಕೇಳುವಾಗ ಇದನ್ನು ಮರೆಯಬೇಡಿ. ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಗುಡಿಯ ಗೆರೆಗೆ ಬಂದವಳು ಬಾಗಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತಳು. ಕೈ ಕಾಲಿನ ಹಗ್ಗಕ್ಕೆ ಹೋಯಿತು.

"ಅತ್ತಿ! ಹಗ್ಗಾ ಬಿಚ್ಚಬ್ಯಾಡ!"

"ಬಸವಣ್ಣನ ಮುಂದ ಕಾಲಾಗ ಏನೂ ಇರಬಾರ್ದಲೇ!" ಎಂದಳು. ಗುಡಿಯ ಮುಂದೆ ಚಪ್ಪಲಿ ಕಳೆಯುವಷ್ಟೇ ಸಹಜವಾಗಿ ಗಂಟು ಬಿಚ್ಚಿದಳು.

ಆಮೇಲಿನದು ನನ್ನ ಕಣ್ಣ ಮುಂದೆ ದಿನವೂ ನಡೆಯುತ್ತದೆ. ಪಾಠ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ತಟ್ಟೆಯಲ್ಲಿ ಸಾರು ಅಲುಗಿದಾಗ. ಒಂದು ದೊಡ್ಡ ಅಲೆ ಬಂತು. ಅವಳು ಬಿದ್ದಳೋ, ಇಳಿದಳೋ? ನಾನು ಎಷ್ಟು ಸಲ ತಿರುಗಿಸಿ ನೋಡಿದರೂ ನನಗೆ ಗೊತ್ತಾಗುತ್ತಿಲ್ಲ. ಬಾಗಿಲು ಮಾತ್ರ ಚಿಲಕ ಟಕಟಕ ಬಡಿದುಕೊಳ್ಳುತ್ತಾ ಗಾಳಿಯೊಂದಿಗೆ ಓಡಿಹೋಯಿತು. ನಮ್ಮ ತೆಪ್ಪವೂ ಅದೇ ಗಾಳಿಗೆ ಸಿಕ್ಕು, ಗಿರಗಿರನೆ ತಿರುಗಿ, ಗುಡಿಯನ್ನು ದಾಟಿ ಮುಂದೆ ಹೋಗಿಬಿಟ್ಟಿತು. ಹಿಂತಿರುಗಿ ನೋಡಿದರೆ ನೀರಿನ ಮೇಲೆ ಯಾರೂ ಇಲ್ಲ. "ಅತ್ತೀ!" ಎಂದು ಕೂಗಿದೆ. ನನ್ನ ದನಿ ಎಲ್ಲಿಗೂ ತಾಕದೆ ಹಾಗೆಯೇ ಹೋಯಿತು. ಯಮನಪ್ಪ ಗಾಳಿಗೆ ಎದುರಾಗಿ ಹುಟ್ಟು ಹಾಕಿದ. ಮುಂದೆ ಹೋದಷ್ಟೂ ಹಿಂದೆ ಬರುತ್ತಿದ್ದೆವು.

ಆಗ ಅವಳು ಎದ್ದಳು.

ಈಜುತ್ತಿರಲಿಲ್ಲ. ಒದ್ದಾಡುತ್ತಿರಲಿಲ್ಲ. ಆಚೆ ಈಚೆ ದಂಡೆ ಬರೀ ಗೆರೆಯಾಗಿ ಕಾಣುವ ನೀರಿನ ನಡುವೆ, ಸೊಂಟದಿಂದ ಮೇಲೆ ಹೊರಗೆ, ನೆಟ್ಟಗೆ ನಿಂತಿದ್ದಳು. ತಲೆಯ ಮೇಲೆ ಸೆರಗು ಹಾಗೆಯೇ ಇತ್ತು. ಕೈ ಮುಗಿದಿದ್ದಳು. ತುಟಿ ಅಲುಗುತ್ತಿತ್ತು.

ಯಮನಪ್ಪನ ಹುಟ್ಟು ನಿಂತಿತು. "ಸರ," ಎಂದ ಮೆಲ್ಲಗೆ, "ಅಕಿ ಅಕ್ಕಾರ ಅಲ್ರಿ."

"ಗುಡಿ ಮಾಳಿಗಿ ಮ್ಯಾಲ ನಿಂತಾಳ! ಹೊಳಿ ಇಳದೈತಿ, ಕಾಲಿಗಿ ಸಿಕ್ಕೈತಿ! ಹುಟ್ಟ ಹಾಕಪಾ, ನಿನ್ನ ಕಾಲಿಗಿ ಬೀಳ್ತೇನಿ!" ಎಂದೆ. ತರ್ಕ ಸರಿಯೇ ಇತ್ತು. ಆದರೆ ಹೇಳುತ್ತಲೇ ನಾನೂ ಬಸವಣ್ಣನಿಗೆ ಕೈ ಮುಗಿದಿದ್ದೆ.

ಹೇಗೋ ಹತ್ತಿರ ಬಂದೆವು. ನಾನು ತೆಪ್ಪದಿಂದ ಅರ್ಧ ಹೊರಗೆ ಬಗ್ಗಿ ಕೈ ಚಾಚಿದೆ. "ಅತ್ತಿ, ಕೈ ಕೊಡು."

ಬೇರೆ ಮನೆಯ ವಿಳಾಸ ಹುಡುಕಿಕೊಂಡು ಬಂದವನನ್ನು ನೋಡುವಂತೆ ನನ್ನನ್ನು ನೋಡಿದಳು. "ಎಲ್ಲಿಗಪಾ?"

"ಮನಿಗಿ! ಮನಿಗಿ ನಡಿ!"

"ಮನಿಗೇ ಬಂದೇನಲ್ಲೋ" ಎಂದಳು.

ಅಷ್ಟರಲ್ಲಿ ಇನ್ನೊಂದು ಅಲೆ ಬಂತು. ಪಾಚಿಯ ಮೇಲೆ ಅವಳ ಕಾಲು ಜಾರಿತು. ನೀರು ಎದೆಗೆ, ಆಮೇಲೆ ಕೊರಳಿಗೆ ಬಂತು. ಅವಳು ನನ್ನ ಕೈ ಹಿಡಿಯಲಿಲ್ಲ. ನನ್ನ ಕೈ ಗೇಣು ದೂರದಲ್ಲಿದೆ, ಅವಳ ಕೈ ಮುಗಿದೇ ಇದೆ. ಮುಳುಗುವವರನ್ನು ಎಳೆಯುವುದು ಹೇಗೆಂದು ಯಾವ ಪುಸ್ತಕದಲ್ಲಾದರೂ ಇದ್ದೀತು. ಬರಲೊಲ್ಲೆ ಎನ್ನುವವರನ್ನು ಎಳೆಯುವುದು ಹೇಗೆ?

ಆಗ ನನ್ನ ಬಾಯಿಂದ ಬಂದ ಮಾತು ನಾನು ಯೋಚಿಸಿ ಆಡಿದ್ದಲ್ಲ.

"ಅತ್ತಿ, ಪಂಚಮಿಗಿ ಕರಿಯಾಕ ಬಂದೇನಿ."

ಪ್ರತಿ ವರ್ಷ ನಾಗರಪಂಚಮಿಗೆ, ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಜೀಕುವ ಹಬ್ಬಕ್ಕೆ, ಅಪ್ಪ ಆ ಊರಿಗೆ ಹೋಗಿ, ಅಗಸಿಯ ಒಳಗೆ ನಡೆದು, ಅಕ್ಕನ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತು ಅದು. ಊರು ಮುಳುಗಿದ ಮೇಲೂ ಬೀಳಗಿಗೆ ಹೋಗಿ ಹೇಳುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅದನ್ನು ಹೇಳುವವರು ಇರಲಿಲ್ಲ. ಕರೆಯದೆ ತವರಿಗೆ ಹೋಗುವ ಹೆಣ್ಣುಮಗಳಲ್ಲ ಅವಳು.

ಅತ್ತೆಯ ಕೈ ಬಿಚ್ಚಿತು. ನನ್ನ ಮುಖವನ್ನು ಈಗ ತಾನೇ ಕಂಡವಳಂತೆ ನೋಡಿದಳು.

"ಪಂಚಮಿ ಇನ್ನೂ ದೂರ ಐತಲ್ಲಲೇ?"

"ಹೂಂ. ಲಗೂನ ಬಂದೇನಿ."

"ನಿಮ್ಮಪ್ಪನೂ ಹಿಂಗ. ಗಡಿಬಿಡಿ ಮನಶ್ಯಾ."

ಆಮೇಲೆ ಕೆಳಗೆ ನೋಡಿ, ದನಿ ತಗ್ಗಿಸಿ, ಸೊಸೆಯ ದನಿಯಲ್ಲಿ ತನ್ನ ಅತ್ತೆಗೆ ಹೇಳಿದಳು. "ಅತ್ತೀರೀ, ನಮ್ಮ ತಮ್ಮನ ಮಗಾ ಬಂದಾನ್ರೀ. ಹೋಗಿ ಬರ್ತೇನ್ರೀ."

ಸುಮ್ಮನಾದಳು. ನಾನೂ ಸುಮ್ಮನಾದೆ. ಯಮನಪ್ಪನೂ ಸುಮ್ಮನಾದ. ನೀರಿನ ಕೆಳಗಿನ ಒಬ್ಬ ಮುದುಕಿ ಅಪ್ಪಣೆ ಕೊಡಲಿ ಎಂದು ಮೂವರೂ ಕಾದೆವು.

ಅತ್ತೆ ಕೈ ಕೊಟ್ಟಳು.

ತೆಪ್ಪಕ್ಕೆ ಎಳೆದುಕೊಂಡ ಮೇಲೆ ಗಡಗಡ ನಡುಗತೊಡಗಿದಳು. ಎರಡು ತಲೆಮಾರಿನ ಹುಡುಗಿಯರನ್ನು ಹೆದರಿಸಿದವಳು ಹಕ್ಕಿಯ ಮರಿಯಷ್ಟು ಹಗುರಾಗಿದ್ದಳು. ಯಮನಪ್ಪ ಲೈಫ್ ಜಾಕೆಟ್ ಕಳಚಿ ಅವಳಿಗೆ ಹೊದಿಸಿದ. ದಂಡೆ ಬರುವವರೆಗೂ ಅತ್ತೆ ನನ್ನ ಕೈ ಬಿಡಲಿಲ್ಲ. ದಂಡೆ ಹತ್ತಿರವಾದಾಗ ಕೇಳಿದಳು.

"ನಿಮ್ಮ ಮನ್ಯಾಗ ಜೋಕಾಲಿ ಕಟ್ಟಾಕ ಜಾಗಾ ಐತೇನಲೇ?"

ನಮ್ಮದು ಎರಡನೆಯ ಮಹಡಿಯ ಬಾಡಿಗೆ ಮನೆ. ಮರವಿಲ್ಲ, ಜಂತೆಯಿಲ್ಲ. "ಐತಿ" ಎಂದೆ.

"ಕುಂತ ಜೀಕೂದಲ್ಲ ಮತ್ತ," ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡು. "ನಿಂತ ಜೀಕೂಹಂಗ ಕಟ್ಟಬೇಕು. ಈ ಸಲ ಮ್ಯಾಲಿನ ಛತ್ತಿಗಿ ಕಾಲ ಮುಟ್ಟಸ್ತೇನಿ ನೋಡು."