ಭೀಮನ ಬಾಯಿ ಮುಚ್ಚಿಸಿದ ಚಿಕ್ಕಪ್ಪ

ಪಾಂಡವಪುರದಲ್ಲಿ ಒಂದು ನಾಯಿಯನ್ನು ಬಿಟ್ಟು ಮಿಕ್ಕವರನ್ನೆಲ್ಲ ಪಳಗಿಸಿದ ಕೀರ್ತಿ ಯಾರಿಗಾದರೂ ಸಲ್ಲಬೇಕಾದರೆ ಅದು ನಮ್ಮ ಚಿಕ್ಕಪ್ಪನಿಗೇ! ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿ ವಿಷಲ್ ಊದಿ ನಿವೃತ್ತರಾದವರು. ವಿಷಲ್ಲು ಹೋಯಿತು, ಚಟ ಹೋಗಲಿಲ್ಲ. ಇವತ್ತಿಗೂ ಮಾತಾಡಿದರೆ ಇಡೀ ಮೈದಾನಕ್ಕೆ ಕೇಳಬೇಕು. ಎದುರಿಗಿರುವವರೂ ಹಾಗೇ ಕಿರುಚಬೇಕು. ಫೋನಿನಲ್ಲಂತೂ ಅಪ್ಪಣೆ ಕೊಟ್ಟು ಇಟ್ಟುಬಿಡುತ್ತಾರೆ, ನಮ್ಮ ಉತ್ತರ ಯಾರಿಗೆ ಬೇಕು?

ಅವರದೊಂದು ಬಿಳಿ ಪಮೇರಿಯನ್ ನಾಯಿ. ಗಾತ್ರ ನಾಲ್ಕು ಅಚ್ಚು ಬೆಲ್ಲದಷ್ಟು; ಹೆಸರು ಭೀಮ. ಊರಿನ ಹೆಸರಿಗಾದರೂ ಮರ್ಯಾದೆ ಬೇಡವೇ? ಬಾಗಿಲಲ್ಲಿ ಯಾರಾದರೂ ನಿಂತರೆ ಸಾಕು, ಭೀಮ ಬೊಗಳುತ್ತ ಒಳಗೋಡಿ ಚಿಕ್ಕಪ್ಪನ ಪಂಚೆ ಕಚ್ಚಿ ಎಳೆದು, ಮತ್ತೆ ಹೊರಗೋಡಿ ಬೊಗಳುತ್ತಾನೆ. ಕೊರಿಯರಿನವನಿಗೂ ಬೀಗರಿಗೂ ಒಂದೇ ಗೌರವ! ಚಿಕ್ಕಪ್ಪನಿಗೋ ಮನೆಗೆ ಜನ ಬರಬೇಕು, ಕಾಫಿ ಕುಡಿಯಬೇಕು, ತಮ್ಮ ಖೋಖೋ ತಂಡದ ಕಥೆ ಕೇಳಬೇಕು. ಬದುಕಿನಲ್ಲಿ ಉಳಿದಿರುವುದು ಅದೊಂದೇ ಆಸೆ. ಭೀಮನ ದೆಸೆಯಿಂದ ಬರುವವರು ಕಡಿಮೆಯಾಗತೊಡಗಿದರು. (ಖೋಖೋ ಕಥೆಯ ದೆಸೆಯಿಂದಲೂ ಇರಬಹುದು ಎಂದು ನನ್ನ ಗುಮಾನಿ.)

ಕೊನೆಗೆ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದರು. ಬಂದವರು ನಾಯಿಯತ್ತ ನೋಡಬಾರದು, ಮಾತಾಡಿಸಬಾರದು. ಅದು ಚಾಪೆಯ ಮೇಲೆ ಸುಮ್ಮನೆ ಕೂತಾಗ ಮಾತ್ರ ತಿಂಡಿ. ಅಭ್ಯಾಸಕ್ಕೊಬ್ಬ ಅತಿಥಿ ಬೇಕಲ್ಲ? ಶ್ರೀರಂಗಪಟ್ಟಣದಲ್ಲಿ ನೆಮ್ಮದಿಯಾಗಿ ಚಿಂತೆ ಮಾಡಿಕೊಂಡಿದ್ದ ನನಗೆ ಫೋನು: "ಭಾನ್ವಾರ ಬಂದ್ಬುಡ್ಲಾ." ನಾಯಿ ಕಚ್ಚಿದರೆ ಎಷ್ಟು ಇಂಜೆಕ್ಷನ್, ಭಾನುವಾರ ಅದನ್ನು ಕೊಡುವವರು ಇರುತ್ತಾರೋ ಇಲ್ಲವೋ, ಎಲ್ಲ ವಿಚಾರಿಸಿ, ಒಂದರ ಮೇಲೊಂದು ಎರಡು ಪ್ಯಾಂಟು ತೊಟ್ಟು ಬಸ್ಸು ಹತ್ತಿದೆ.

"ಲೇ, ಅವ್ನ ಮಕ ನೋಡ್ಬ್ಯಾಡ ಕಣ್ಲಾ! ಸೂರು ನೋಡ್ಕಂಡು ಬಾ!"

ಸೂರು ನೋಡಿಕೊಂಡು ಬಂದು ನೀರಿನ ಬಟ್ಟಲಿಗೆ ಕಾಲಿಟ್ಟೆ.

"ತಪ್ಪು! ಈಚಿಗ್ ಹೋಗಿ ಇನ್ನೊಂದ್ಸಲ ಬಾ."

"ಚಿಕ್ಕಪ್ಪ, ಇದು ಏಳನೇ ಸಲ!"

"ಅವ್ನಿಗೆ ಬ್ಯಾಸರ ಇಲ್ಲ, ನಿಂಗೇನ್ಲಾ ಬ್ಯಾಸರ?"

ಅವನಿಗೇಕೆ ಬೇಸರ? ಫ್ಯಾನಿನ ಕೆಳಗೆ ಕೂತು ರಸ್ಕು ತಿನ್ನುತ್ತಿದ್ದ. ಎರಡು ಪ್ಯಾಂಟಿನೊಳಗೆ ಬೇಯುತ್ತ ಬಿಸಿಲಿಗೆ ಹೋಗಿ ಬರುತ್ತಿದ್ದವನು ನಾನು. ಅಡುಗೆಮನೆಯಿಂದ ಚಿಕ್ಕಮ್ಮ ಇಣುಕಿದರು: "ಇಬ್ರಲ್ಲಿ ಯಾರ್ಗೆ ಬ್ಯಾಗ ಬುದ್ಧಿ ಬತ್ತದೋ ನೋಡವ ಕಣಪ್ಪ. ನಾನಂತೂ ನಾಯಿ ಕಡೆ."

ಹೀಗೆ ಎಂಟು ಭಾನುವಾರ! ಒಂಬತ್ತನೆಯದಕ್ಕೆ ಮೊದಲು ಫೋನು: "ಭೀಮ ಪಾಸಾದ ಕಣ್ಲಾ! ಯಾರು ಬಂದ್ರೂ ಉಸ್ರಿಲ್ಲ!" ನನಗೆ ಬಿಡುಗಡೆ. ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಹೋದೆ. ಗ್ರಿಲ್ಲಿನ ಬಾಗಿಲಿಗೆ ಒಳಗಿನಿಂದ ಚಿಲಕ. ಬೆಲ್ ಒತ್ತಿದೆ. ಉತ್ತರವಿಲ್ಲ. ಮತ್ತೆ ಒತ್ತಿದೆ, ಗ್ರಿಲ್ ಬಡಿದೆ, ಕೂಗಿದೆ. ಜನ ಬರುವ ಈ ಸಂಜೆ ಹೊತ್ತಿಗೆ ಚಿಕ್ಕಮ್ಮ ದಿನವೂ ಡೇರಿಗೆ ಹೋಗಿರುತ್ತಾರೆ. ಚಿಕ್ಕಪ್ಪ? ನನ್ನ ತಲೆಯೊಳಗೆ ಆಗಲೇ ಆಂಬುಲೆನ್ಸ್ ಹೊರಟಿತ್ತು.

ಕಿಟಕಿಯಲ್ಲಿ ಇಣುಕಿದೆ. ಅಲ್ಲೇ ಇದ್ದರು, ನನಗೆ ಬೆನ್ನು ಹಾಕಿ ಟಿ.ವಿ. ಮುಂದೆ. ಇಸ್ತ್ರಿ ಮಾಡಿದ ಶರಟು. ಪಕ್ಕದಲ್ಲಿ ಫ್ಲಾಸ್ಕು, ಬೋರಲು ಹಾಕಿದ ನಾಲ್ಕು ಲೋಟ. ಚಾಪೆಯ ಮೇಲೆ ಭೀಮ ನನ್ನನ್ನೇ ನೋಡುತ್ತ, ಬೊಗಳಿಕೆಯನ್ನು ನುಂಗಿಕೊಂಡು ನಡುಗುತ್ತಿದ್ದ. ಬೆಲ್ ಮತ್ತೊಮ್ಮೆ ಒತ್ತಿದೆ. ಚಿಕ್ಕಪ್ಪನ ತಲೆ ಅಲುಗಲಿಲ್ಲ.

ಮೂವತ್ತು ವರ್ಷದ ವಿಷಲ್ಲು ಕಿವಿಯನ್ನು ತಿಂದುಹಾಕಿತ್ತು. ಎಲ್ಲರೂ ಕಿರುಚುವ ಮನೆಯಲ್ಲಿ ಅದು ಯಾರಿಗೆ ಗೊತ್ತಾಗಬೇಕು? ಪಂಚೆ ಎಳೆಯುತ್ತಿದ್ದವನೊಬ್ಬನಿಗೆ ಗೊತ್ತಿತ್ತು. ಅವನ ಬಾಯಿಯನ್ನು ನಾವು ಮುಚ್ಚಿಸಿದ್ದೆವು. ಈ ತಿಂಗಳು ಎಷ್ಟು ಜನ ಬೆಲ್ ಒತ್ತಿ ಹಿಂದಿರುಗಿದರೋ!

ಬೀದಿಯ ಎರಡೂ ಕಡೆ ನೋಡಿದೆ. ಐವತ್ತೆರಡು ವರ್ಷದ, ಬಿ.ಪಿ. ಇರುವ ಮನುಷ್ಯ ನಾನು, ಗ್ರಿಲ್ ಹಿಡಿದು ಬೊಗಳಿದೆ.

ಭೀಮ ಚಿಮ್ಮಿದ! ಬೊಗಳಿದ, ಪಂಚೆ ಎಳೆದ, ಮತ್ತೆ ಬೊಗಳಿದ. ಚಿಕ್ಕಪ್ಪ ದಡಬಡಿಸಿ ಬಂದು ಚಿಲಕ ತೆಗೆದರು.

"ಬಂದ್ಯೇನ್ಲಾ! ಭೀಮ ಸುಮ್ನಾದ್ರೂ ಒಬ್ರೂ ಬರ್ನಿಲ್ಲ ಕಣ್ಲಾ, ತಿಂಗ್ಳಿಂದ." ಆಮೇಲೆ ನಾಯಿಯ ಕಡೆ ತಿರುಗಿ, "ಥೂ, ಕಲ್ಸಿದ್ದೆಲ್ಲ ಕೆಡಸ್ಬುಟ್ಯಲ್ಲೋ!"

ನಾನು ಡಬ್ಬಿಯಿಂದ ರಸ್ಕು ತೆಗೆದು ಭೀಮನ ಬಾಯಿಗಿಟ್ಟೆ.

"ಲೇ, ಬೊಗಳಿದ್ದಕ್ಕೆ ಯಾಕ್ಲಾ ಕೊಡ್ತೀಯ?"

ಇನ್ನೊಂದು ರಸ್ಕು ಕೈಗೆತ್ತಿಕೊಂಡೆ. ಯಾರೂ ಹೇಳದೆಯೇ ಹೊರಗೆ ಹೋಗಿ, ಬೆಲ್ ಒತ್ತಿ, ಭೀಮನ ಮುಖವನ್ನೇ ನೋಡುತ್ತ ಮತ್ತೆ ಒಳಗೆ ಬಂದೆ.