ಬಿಸಿನೀರಿನ ಹೊಂಡದಲ್ಲಿ ಪುಂಡಲೀಕಪ್ಪನ ರಜೆ

"ಇವತ್ತ ನಾ ಕರಣಿ ಮುಟ್ಟಿದೆ ಅಂದ್ರ ನನ್ನ ಹೆಸರು ಪುಂಡಲೀಕಪ್ಪ ಅಲ್ಲ!"

ಬೆಟಗೇರಿಯ ಗೌಂಡಿ ಪುಂಡಲೀಕಪ್ಪ ರಜೆಗೆ ಹೊರಡುವ ಮುನ್ನ ನೇಪಾಳದ ಗುಡ್ಡವೊಂದರ ಮೇಲೆ ನಿಂತು, ಹಿಮಾಲಯವನ್ನೇ ಸಾಕ್ಷಿ ಇಟ್ಟುಕೊಂಡು, ಹೀಗೆ ಘೋರ ಪ್ರತಿಜ್ಞೆ ಮಾಡಿದ. ಪುರಾಣಗಳಲ್ಲಿ ಇಂಥ ಪ್ರತಿಜ್ಞೆಗೆ ದೇವತೆಗಳು ಹೂಮಳೆ ಸುರಿಸುತ್ತಿದ್ದರಂತೆ. ಇಲ್ಲಿ ಹೆಂಡತಿ ಅಮೃತವ್ವ "ಹೂಂ" ಎಂದಳು, ಅಷ್ಟೆ.

ಆ "ಹೂಂ"ನಲ್ಲಿ ಇಡೀ ಸಂಸಾರದ ಅನುಭವವಿತ್ತು. ಮದುವೆಯಾದ ಮೊದಲ ದೀಪಾವಳಿಗೆ ಬಾಳೆಹೊಸೂರಿನ ಮಾವನ ಮನೆಗೆ ಹೋಗಿದ್ದ ಅಳಿಯದೇವರು ಆರತಿಯ ಹೊತ್ತಿಗೆ ಕಾಣೆಯಾಗಿದ್ದರು. ಹುಡುಕಿದರೆ, ಹೊಸ ಧೋತರ ಎತ್ತಿ ಕಟ್ಟಿಕೊಂಡು ಬಚ್ಚಲಿನ ಬಿರುಕಿಗೆ ಕರಣಿಯಿಂದ ಸಿಮೆಂಟು ಮೆತ್ತುತ್ತಿದ್ದರು! ತಟ್ಟೆಯಲ್ಲಿ ದೀಪ ಆರಿತು, ಬಚ್ಚಲು ಮಾತ್ರ ಇವತ್ತಿಗೂ ಸೋರಿಲ್ಲ.

ಗಂಡ ಹೆಂಡತಿ ನೇಪಾಳಕ್ಕೆ ಬಂದದ್ದು ಸೇವೆಗೆ. ಭೂಕಂಪವಾದ ಮರುವರ್ಷ, ಗುಡ್ಡದ ಹಳ್ಳಿಯೊಂದರಲ್ಲಿ ಬಿದ್ದುಹೋದ ಶಾಲೆ ಕಟ್ಟಿಕೊಡಲು ಊರಿನ ಸೇವಾ ಸಂಘದವರು ಜನ ಕೂಡಿಸುತ್ತಿದ್ದಾಗ ಪುಂಡಲೀಕಪ್ಪ ಮೊದಲು ಕೈ ಎತ್ತಿದ. "ಅಲ್ಲಿ ನಿಮಗ ರೊಟ್ಟಿ ಯಾರು ಬಡದು ಹಾಕತಾರ?" ಎಂದು ಅಮೃತವ್ವನೂ ಗಂಟು ಕಟ್ಟಿದಳು. ಇವನು ಗೋಡೆ ಕಟ್ಟಿದ, ಅವಳು ಇಡೀ ತಂಡಕ್ಕೆ ರೊಟ್ಟಿ ಬಡಿದಳು. ಆ ಥಂಡಿಯಲ್ಲಿ ಬಡಿದು ಬಡಿದು ಅವಳ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯವರೆಗೂ ಏಳದು, ತಲೆ ಬಾಚಿಕೊಳ್ಳಲಾಗದು. ಹತ್ತಿರದ ಕಣಿವೆಯಲ್ಲಿ ನೆಲದೊಳಗಿಂದ ಬಿಸಿನೀರು ಉಕ್ಕುತ್ತದೆ, ಒಂದು ದಿನ ಕುತ್ತಿಗೆಮಟ ಮುಳುಗಿ ಕುಳಿತರೆ ಹಿಡಿದದ್ದೆಲ್ಲ ಬಿಡುತ್ತದೆ ಎಂದು ಅಲ್ಲಿನ ಹೆಂಗಸರು ಹೇಳಿದಂದಿನಿಂದ ಅವಳಿಗೆ ಅದೊಂದೇ ಆಸೆ. ಊರಿಗೆ ಮರಳುವ ಮೊದಲು ಅವರಿಗೆ ಸಿಕ್ಕ ರಜೆಯೂ ಇದೊಂದೇ.

"ನನ್ನ ಸಲುವಾಗಿ ಒಂದು ಉಪಕಾರ ಮಾಡ್ರಿ," ಎಂದಳು ದಾರಿಯಲ್ಲಿ. "ಇವತ್ತೊಂದಿನ ಏನೂ ಮಾಡಬ್ಯಾಡ್ರಿ. ಸುಮ್ಮನ ಕುಂಡ್ರಿ."

"ಇಷ್ಟು ಹಗೂರ ಕೆಲಸ ನನಗ ಯಾರೂ ಹೇಳೇ ಇಲ್ಲ ಬಿಡು!" ಎಂದು ಪುಂಡಲೀಕಪ್ಪ ಎದೆ ಉಬ್ಬಿಸಿದ.

ಕಣಿವೆಯಲ್ಲಿ ಎರಡು ಹೊಂಡಗಳಿದ್ದವು. ಮೇಲಿನದು ಗಂಡಸರಿಗೆ, ತುಸು ಕೆಳಗಿನದು ಹೆಂಗಸರಿಗೆ. ನಡುವೆ ಆಳೆತ್ತರದ ಕಲ್ಲುಗೋಡೆ. ಎರಡನ್ನೂ ನೋಡಿಕೊಳ್ಳುವವಳು ಧನಮಾಯಾ ಎಂಬ ಗಟ್ಟಿಗಿತ್ತಿ. ಕೈಯಲ್ಲಿ ಕಸಬರಿಗೆ, ಬಾಯಲ್ಲಿ ಹರಕುಮುರುಕು ಹಿಂದಿ. ಅಮೃತವ್ವ ಅವಳ ಹಿಂದೆ ಹೆಂಗಸರ ಕಡೆ ಹೋದಳು. ಪುಂಡಲೀಕಪ್ಪ ತನ್ನ ಜೋಡಿ ಬಂದಿದ್ದ ಶಿರಹಟ್ಟಿಯ ಬಡಿಗ ಬುಡ್ಡೇಸಾಬನೊಂದಿಗೆ ಬಟ್ಟೆ ಬಿಚ್ಚಿ ದಂಡೆಗಿಟ್ಟು, ಚಡ್ಡಿಯ ಮೇಲೆ ನೀರಿಗಿಳಿದ.

ಆಹಾ! ಅದೇನು ನೀರು! ನಳದ ಹಾದಿ ಕಾದು ಕಾದು ಕಣ್ಣು ಬೆಳ್ಳಗಾಗುವ ಬೆಟಗೇರಿಯಲ್ಲಿ ಒಂದು ಕೊಡದಲ್ಲಿ ಮೈ ತೊಳೆದು, ಅದೇ ನೀರನ್ನು ಕರಿಬೇವಿನ ಗಿಡಕ್ಕೆ ಹಾಯಿಸುವ ಮನುಷ್ಯ ಇಲ್ಲಿ ಗದ್ದದವರೆಗೆ ನೀರಲ್ಲಿದ್ದ. ಅದೂ ಬಿಸಿನೀರು, ಅದೂ ಕಟ್ಟಿಗೆ ಇಲ್ಲದೆ! ಕಣ್ಣು ಮುಚ್ಚಿದ. ಸ್ವರ್ಗಕ್ಕೆ ಒಂದೇ ಮೆಟ್ಟಿಲು ಬಾಕಿ ಎನ್ನುವಾಗ ಕಿವಿಗೆ ಬಿತ್ತು:

ಬುಳು ಬುಳು ಬುಳು...

"ಬುಡ್ಡೇಸಾಬ, ಎಲ್ಲೋ ನೀರು ಸೋರಾಕತ್ತೈತಿ."

"ಸೋರಲಿ. ಕಣ್ಣ ಮುಚ್ಚೋ ಮಾರಾಯಾ."

ಮುಚ್ಚಿದ. ಮುಚ್ಚಿದ ಕಣ್ಣೊಳಗೂ ನೀರು ಸೋರತೊಡಗಿತು! ಕೊನೆಗೆ ಒಂದೇ ಕಣ್ಣು ತೆರೆದು ನೋಡಿದ. ಗೋಡೆಯ ಬುಡದಲ್ಲಿ ಮುಷ್ಟಿಗಾತ್ರದ ತೂತು! ಬಂಗಾರದಂಥ ನೀರು ಅದರೊಳಗೆ ಹಾಡುತ್ತ ಹೋಗುತ್ತಿದೆ!

"ಯಾವನೋ ಈ ಗ್ವಾಡಿ ಕಟ್ಟಿದಾಂವ? ಅಂವಗ ಗೌಂಡಿ ಅಂತಾರೇನು?"

"ಏ, ನೀ ಆಣಿ ಮಾಡೀಯಲ್ಲ?"

"ಕರಣಿ ಮುಟ್ಟಂಗಿಲ್ಲ ಅಂತ ಮಾಡೀನಿ. ಕೈ ಮುಟ್ಟಂಗಿಲ್ಲ ಅಂತೇನು ಮಾಡಿಲ್ಲಲಾ!"

ಮೊದಲು ತನ್ನ ಟಾವೆಲ್ಲನ್ನು ಉಂಡೆ ಮಾಡಿ, ಶೀಸೆಗೆ ಬೂಚು ಜಡಿದಂತೆ ತೂತಿಗೆ ತುರುಕಿದ. ಮೇಲೆ ಒಂದು ಕಲ್ಲು ಕೂರಿಸಿದ. ಸಂದಿಗೆ ಚಕ್ಕೆಕಲ್ಲು ಬಡಿದ. ಹೊಂಡದ ತಳದ ಜಿಗುಟುಮಣ್ಣು ತೆಗೆದು ಅಂಗೈಯಲ್ಲೇ ಮೆತ್ತಿ, ನಯ ಮಾಡಿದ. ಅತ್ತ ಮೂಲೆಯಲ್ಲಿ ಕುಳಿತಿದ್ದ ಊರ ಮುದುಕನೊಬ್ಬ ಎರಡೂ ಕೈ ಎತ್ತಿ ಏನೋ ಕೂಗಿದ.

"ಬ್ಯಾಡ ಅನ್ನಾಕತ್ತಾನೋ ಏನೋ," ಎಂದ ಬುಡ್ಡೇಸಾಬ.

"ಭೇಷ್ ಅನ್ನಾಕತ್ತಾನ," ಎಂದ ಪುಂಡಲೀಕಪ್ಪ, ಕೈ ಮುಗಿದು.

ಬುಳುಬುಳು ನಿಂತಿತು. ಗೋಡೆಯ ಆಚೆಗೆ ಏನಿದೆ ಎಂಬ ವಿಚಾರ ಮಾತ್ರ ಆ ಮಹಾಶಿಲ್ಪಿಗೆ ಹೊಳೆಯಲೇ ಇಲ್ಲ. ಹಿಗ್ಗಿನಿಂದ ಹೋಗಿ ಮತ್ತೆ ಗದ್ದದವರೆಗೆ ಕುಳಿತ. ಸ್ವಲ್ಪ ಹೊತ್ತಿಗೆ ಕೂತಲ್ಲೇ ನೀರು ಮೂಗಿಗೆ ಬಂತು. ಇನ್ನೂ ಸ್ವಲ್ಪ ಹೊತ್ತಿಗೆ ಹೊಂಡ ಹೊರಚೆಲ್ಲಿ, ದಂಡೆಯ ಮೇಲಿನ ಗಂಡಸರ ಪ್ಯಾಂಟು, ಪೈಜಾಮಗಳು ಮೆರವಣಿಗೆ ಹೊರಟವು. "ನನ್ನ ಪೈಜಾಮಾ!" ಎಂದು ಬುಡ್ಡೇಸಾಬ ಎದ್ದು ಓಡಿದ. ಅದೇ ಹೊತ್ತಿಗೆ ಗೋಡೆಯಾಚೆ ಹೆಂಗಸರ ಗದ್ದಲ ಎದ್ದಿತು. ಆ ಗದ್ದಲದ ಮೇಲೆ ಒಂದು ಪರಿಚಿತ ದನಿ ಏರಿತು.

"ರೀ! ಏನು ಮಾಡಿದ್ರಿ?"

ಯಾರೂ ಹೇಳಿಲ್ಲ, ಅವಳು ಕಂಡಿಲ್ಲ. ಆದರೂ ಗೊತ್ತಾಯಿತು!

"ನಾ ಕರಣಿ ಮುಟ್ಟಿಲ್ಲ!" ಎಂದು ಪುಂಡಲೀಕಪ್ಪ ಕೂಗಿದ.

"ಇಲ್ಲಿ ನೀರ ಬರೂದು ನಿಂತೈತ್ರೀ! ಇದ್ದ ನೀರೂ ಮೊಣಕಾಲಿಗೆ ಇಳದಾವು!"

ಆಗ ಅವನಿಗೆ ಬೆಳಕಾಯಿತು. ಅದು ಸೋರುವ ತೂತಲ್ಲ, ಕೆಳಗಿನ ಹೊಂಡಕ್ಕೆ ನೀರು ಹಾಯಿಸುವ ಕಂಡಿ! ಹಾರಿಬಿದ್ದು ಕೀಳಲು ಹೋದ. ಉಗುರು ಮುರಿಯಿತು, ಕಲ್ಲು ಅಲುಗಲಿಲ್ಲ. ಪುಂಡಲೀಕಪ್ಪನ ಕೆಲಸವೆಂದರೆ ಹುಡುಗಾಟವೇ? ಜೀವಮಾನದಲ್ಲಿ ಮೊದಲ ಸಲ ಅವನು ತನ್ನ ಕೈಗುಣಕ್ಕೆ ತಾನೇ ಶಾಪ ಹಾಕಿದ.

ಗೋಡೆಯಾಚೆಯಿಂದ ಮತ್ತೆ ಅವಳ ದನಿ ಬಂತು. ಈ ಸಲ ಸಣ್ಣಗೆ.

"ಇರಲಿ ಬಿಡ್ರಿ. ಗಾಳಿಗೆ ಮೈ ಥಂಡ ಹಿಡ್ಯಾಕತ್ತೈತಿ. ಹೋಗೂಣು ನಡ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಮತ್ತೊಮ್ಮೆ ಕಲ್ಲಿಗೆ ಉಗುರು ಹಾಕಿದ. ಅವಳು ಬೇಡಿದ್ದು ಒಂದೇ ದಿನ, ಒಂದಿಷ್ಟು ಬಿಸಿನೀರು. ಅದನ್ನೂ ಕಟ್ಟಿಯಿಟ್ಟೆನಲ್ಲ ಎಂದು ಕಣ್ಣು ತುಂಬಿ ಬಂದವು.

"ಅಮೃತಾ, ಏಳಬ್ಯಾಡ! ಅಲ್ಲೇ ಕುಂಡ್ರು! ಅಯ್ಯೋ, ಒಂದು ಕರಣಿ ಇದ್ದಿದ್ರ..."



"ನನ್ನ ಚೀಲದಾಗ ಐತಿ," ಎಂದಳು ಅಮೃತವ್ವ. "ಧನಮಾಯಾನ ಕೈಯಾಗ ಕಳಸ್ತೀನಿ."

"ನಿನ್ನ ಚೀಲದಾಗ? ಯಾಕ?"

"ನೀವು ಆಣಿ ಮಾಡಿದ್ರಲ್ಲ, ಅದಕ್ಕ!"

ಒಂದು ಕೈಯಲ್ಲಿ ಕರಣಿ, ಇನ್ನೊಂದರಲ್ಲಿ ಕಸಬರಿಗೆ ಹಿಡಿದು ಧನಮಾಯಾ ಬಂದಳು. ಪುಂಡಲೀಕಪ್ಪ ಕರಣಿ ಹಾಕಿ ಮೀಟಿದ. ಕಲ್ಲು ಕಿತ್ತು ಬಂತು, ಟಾವೆಲ್ಲು ಚಿಂದಿಯಾಗಿ ಹಾರಿತು, ನೀರು ಧೋ ಎಂದು ಕೆಳಗಿಳಿಯಿತು. ಆಚೆ ಹೆಂಗಸರು ಕೇಕೆ ಹಾಕಿದರು. ನೀರಿಗೆ ಮರಳಲು ಹೋದವನನ್ನು ಧನಮಾಯಾ ಕಸಬರಿಗೆಯಲ್ಲೇ ತಡೆದಳು. ಸಂಜೆಯವರೆಗೆ ದಂಡೆಯ ಮೇಲೆ, ನೀರು ಮುಟ್ಟದೆ, ಕಂಡಿ ಕಾಯುತ್ತ ಕುಳಿತಿರಬೇಕು ಎಂಬ ಶಿಕ್ಷೆ! ಒದ್ದೆ ಪ್ಯಾಂಟು ಹೊದ್ದು ಗಡಗಡ ನಡುಗುತ್ತ ಕುಳಿತ. ಆದರೆ ಬುಳುಬುಳು ಎಂಬ ಆ ಸದ್ದು ಈಗ ಅವನ ಕಿವಿಗೆ ಹಿತವಾಗಿತ್ತು.

ಹೊತ್ತಿಳಿಯುವಾಗ ಅಮೃತವ್ವ ಕೆಂಪಗೆ ಬೆಂದ ಮುಖ ಹೊತ್ತು ಬಂದು, ಬಲಗೈಯನ್ನು ಪೂರ್ತಿ ಮೇಲೆತ್ತಿದಳು. ಪುಂಡಲೀಕಪ್ಪ ಅಭ್ಯಾಸದಂತೆ ತಲೆ ತಗ್ಗಿಸಿದ.

"ಹೆದರಬ್ಯಾಡ್ರಿ, ಹೊಡ್ಯಾಕಲ್ಲ. ಭುಜ ಬಿಡ್ತು ನೋಡ್ರಿ!" ಎಂದು ನಕ್ಕಳು. ಅದೇ ಕೈಯಿಂದ ಅವನ ತಲೆಗಂಟಿದ್ದ ಜಿಗುಟುಮಣ್ಣು ಒರೆಸಿದಳು. "ನಮ್ಮ ಹೊಂಡದ ದಂಡಿ ಒಂದು ಕಡೆ ಖರೇನ ಸೋರತೈತಂತ. ಎಲ್ಲಾರೂ ಎದ್ದು ಬಂದಾರ, ಹೊಂಡ ಖಾಲಿ ಐತಿ. ಹೋಗೂಮುಂದ ಅದೊಂದು ಮುಚ್ಚಿ ಬರ್ರಿ."

ಪುಂಡಲೀಕಪ್ಪನ ಕಣ್ಣು ಮಿಂಚಿತು. ಆದರೂ ಬಿಗುಮಾನದಿಂದ ಎಂದ, "ಆಗಂಗಿಲ್ಲ. ಒಮ್ಮಿ ಕರಣಿ ಮುಟ್ಟಿದ್ದ ಸಾಕು. ಮತ್ತ ಮುಟ್ಟಿದ್ರ ನನ್ನ ಹೆಸರು..."

"ಅದರ ಚಿಂತಿ ಬಿಡ್ರಿ. ಹೆಂಗಸರೆಲ್ಲಾ ಕೂಡಿ ನಿಮಗ ಬ್ಯಾರೆ ಹೆಸರು ಇಡೂಣು ಅಂದ್ರು. ನಾನ ಹೇಳಿಕೊಟ್ಟೀನಿ."

ಅಷ್ಟರಲ್ಲಿ ಕೆಳಗಿನಿಂದ ಧನಮಾಯಾ ಇಡೀ ಕಣಿವೆ ಕೇಳುವಂತೆ ಕೂಗಿದಳು: "ಬೂಚಪ್ಪಾ! ಓ ಬೂಚಪ್ಪಾ!"

ಕರಣಿ ಹಿಡಿದುಕೊಂಡು ಅವನೆಂದ, "ಬಂದೇರಿ!"